ನರ್ಸಕ್ಕ ಲಿಫ್ಟ್ ಹತ್ತಿದ ದಿನ

ಆ ಕಟ್ಟಡದಲ್ಲಿ ಲಿಫ್ಟಿಗೆ ಹೆದರುವವರು ಒಬ್ಬರೇ. ಐದನೇ ಮಹಡಿಯ ನರ್ಸಕ್ಕ. ಆಸ್ಪತ್ರೆಯಲ್ಲಿ ಎಂಥ ಗಾಯ ಕಂಡರೂ ಜಗ್ಗದ ಹೆಂಗಸು, ಲಿಫ್ಟಿನ ಬಾಗಿಲು ಕಂಡರೆ ಮಾತ್ರ ಮುಖ ತಿರುಗಿಸಿ, ನೋಯುವ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಅವರ ಎದುರು ಮನೆಯವನೇ ಆ ಲಿಫ್ಟನ್ನು ನೋಡಿಕೊಳ್ಳುವ ಮೆಕ್ಯಾನಿಕ್. ಅವನಿಗೆ ಇದು ತನಗೇ ಮಾಡಿದ ಅವಮಾನ ಅನಿಸುತ್ತಿತ್ತು.

ಒಂದು ಸಂಜೆ ಅವನು ಲಿಫ್ಟಿನ ಬಾಗಿಲಿಗೆ ಗ್ರೀಸ್ ಹಚ್ಚುತ್ತಿದ್ದಾಗ ನರ್ಸಕ್ಕ ಏದುಸಿರು ಬಿಡುತ್ತಾ ಮೇಲೆ ಬಂದರು.

“ಅಕ್ಕಾ, ಹೋದ ತಿಂಗಳು ನೀವು ಜಾರಿ ಬಿದ್ದಿದ್ದು ಲಿಫ್ಟಲ್ಲಲ್ಲ, ಇದೇ ಮೆಟ್ಟಿಲಲ್ಲಿ. ನೆನಪಿದೆ ತಾನೆ?”

“ನೆನಪಿದೆ ಕಣಪ್ಪಾ. ಆದ್ರೂ ರೋಪ್ ಕಿತ್ತುಹೋದ್ರೆ?”

“ಅದು ತೀರಾ ಅಪರೂಪ. ಏನಾದ್ರೂ ಸದ್ದು ಬಂದ್ರೆ ಹೇಳಿ, ತಕ್ಷಣ ನಿಲ್ಲಿಸಿ ನೋಡ್ತೀನಿ. ಎಲ್ಲರಿಗೂ ಅದನ್ನೇ ಹೇಳೋದು.”

“ನನ್ನ ಭಯ ನನಗಿರಲಿ ಬಿಡು. ಮಗನಿಗೆ ಕೋವಿಡ್ ಲಸಿಕೆ ಹಾಕಿಸಿದ್ಯಾ?”

ಮೆಕ್ಯಾನಿಕ್‌ನ ಮುಖ ಇಳಿಯಿತು. “ಇಲ್ಲ. ಅದರಿಂದ ಹುಡುಗರ ಹೃದಯ ಊದುತ್ತಂತೆ. ಇರೋನು ಒಬ್ಬನೇ ಮಗ ಅಕ್ಕಾ.”

ಮಗನಿಗೆ ಹದಿನೈದು ವರ್ಷ. ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಗೆಳೆಯರು ಅವನನ್ನು ‘ಗೋಡೆ’ ಎಂದೇ ಕರೆಯುತ್ತಿದ್ದರು. ಆದರೆ ಈ ಗೋಡೆಗೆ ಚಿಕ್ಕಂದಿನಿಂದ ಉಬ್ಬಸ. ಸಣ್ಣ ಶೀತವಾದರೂ ಎದೆ ಗೊರಗೊರ ಅನ್ನುತ್ತಿತ್ತು.

“ಅದೆಲ್ಲ ಸುಳ್ಳು ಅಂತ ಹೇಳಿಬಿಡಿ, ಹಾಕಿಸಿಬಿಡ್ತೀನಿ” ಎಂದ ಮೆಕ್ಯಾನಿಕ್.

“ಸುಳ್ಳಲ್ಲ, ನಿಜ” ಎಂದರು ನರ್ಸಕ್ಕ. “ಕೆಲವು ಬಗೆಯ ಕೋವಿಡ್ ಲಸಿಕೆಯಿಂದ, ಎಷ್ಟೋ ಸಾವಿರ ಹುಡುಗರಲ್ಲಿ ಒಬ್ಬನಿಗೆ ಹೃದಯದ ಸ್ನಾಯು ಊದುತ್ತೆ. ಹೆಚ್ಚಾಗಿ ಎರಡನೇ ಡೋಸ್ ಆದ ಒಂದು ವಾರದೊಳಗೆ. ಬಹುತೇಕ ಹುಡುಗರು ವಿಶ್ರಾಂತಿ, ಔಷಧಿಯಲ್ಲೇ ಚೇತರಿಸಿಕೊಳ್ತಾರೆ.”

“ನೀವೇ ಒಪ್ಪಿದ್ರಲ್ಲ! ಮತ್ತೆ ಯಾಕೆ ಹಾಕಿಸಬೇಕು?”

“ಯಾಕಂದ್ರೆ ಕೋವಿಡ್ ಬಂದರೂ ಹೃದಯ ಊದಬಹುದು. ಒಟ್ಟಾರೆ ನೋಡಿದ್ರೆ ಕಾಯಿಲೆಯಿಂದಲೇ ಜಾಸ್ತಿ. ಜೊತೆಗೆ ಶ್ವಾಸಕೋಶಕ್ಕೂ ಪೆಟ್ಟು. ನಿನ್ನ ಮಗನ ಎದೆ ಮೊದಲೇ ನಾಜೂಕು. ಹಾಕಿಸಿದ್ರೆ ಏನಾಗುತ್ತೆ ಅಂತ ಮಾತ್ರ ಯೋಚಿಸ್ತಿದ್ದೀಯ. ಹಾಕಿಸದೇ ಇದ್ರೆ?”

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮೆಕ್ಯಾನಿಕ್‌ನ ಹೆಂಡತಿ, ಹೊಲಿಯುತ್ತಿದ್ದ ಅಂಗಿಯ ಸಮೇತ ಹೊರಗೆ ಬಂದಳು. “ಚೆನ್ನಾಗಿದೆ! ಅವರು ಲಿಫ್ಟಿಗೆ ಹೆದರಿ ಮೆಟ್ಟಿಲಲ್ಲಿ ಜಾರಿದ್ರು, ನೀವು ಲಸಿಕೆಗೆ ಹೆದರಿ ಮಗನ್ನ ಕಾಯಿಲೆ ಬಾಯಿಗೆ ಬಿಡ್ತಿದ್ದೀರ. ನಾಳೆ ಡಾಕ್ಟರನ್ನ ಕೇಳೋಣ ನಡೀರಿ.”

ಇಬ್ಬರೂ ಪೆಚ್ಚುಮೋರೆ ಹಾಕಿಕೊಂಡರು.

ಡಾಕ್ಟರು ಉಬ್ಬಸದ ವಿಷಯವನ್ನೆಲ್ಲ ಕೇಳಿ, ಹಾಕಿಸುವುದೇ ಒಳ್ಳೆಯದು ಎಂದರು. ಎರಡು ಡೋಸ್‌ಗಳ ನಡುವೆ ಹೃದಯ ಊದುವ ಸಾಧ್ಯತೆ ಕಡಿಮೆಯಾಗಲೆಂದು ಸಾಕಷ್ಟು ಅಂತರ ಇಟ್ಟರು. “ಎದೆನೋವು, ಉಸಿರಾಟಕ್ಕೆ ಕಷ್ಟ, ಎದೆ ಡವಡವ. ಇದರಲ್ಲಿ ಯಾವುದು ಬಂದರೂ ಮುಚ್ಚಿಡಬೇಡ, ಕೂಡಲೇ ಬಾ” ಎಂದು ಹುಡುಗನಿಗೇ ಹೇಳಿದರು.

ಮೊದಲ ಡೋಸ್ ಸಲೀಸಾಗಿ ಮುಗಿಯಿತು. ಎರಡನೆಯದು ಹಾಕಿಸಿದ ಮೂರನೇ ದಿನ ಹುಡುಗ ಊಟದ ತಟ್ಟೆ ಸರಿಸಿದ. ಬಾಯಿ ಬಿಟ್ಟರೆ ಆಟ ತಪ್ಪುತ್ತದೆ ಎಂದು ಅವನಿಗೆ ಗೊತ್ತಿತ್ತು. ಆದರೂ ಹೇಳಿದ.

“ಅಪ್ಪಾ, ಸದ್ದು ಬಂದ್ರೆ ಹೇಳಿ ಅಂತ ಎಲ್ಲರಿಗೂ ಹೇಳ್ತೀಯಲ್ಲ? ನನ್ನ ಎದೇಲಿ ಬರ್ತಿದೆ. ನೋಯ್ತಾನೂ ಇದೆ.”

ಮೆಕ್ಯಾನಿಕ್ ಕೈಯಲ್ಲಿದ್ದ ತುತ್ತು ಬಿಟ್ಟು ಎದ್ದ. ಆ ಕ್ಷಣವೇ ಆಸ್ಪತ್ರೆಗೆ ಓಡಿದರು. ಇಸಿಜಿ, ರಕ್ತ ಪರೀಕ್ಷೆ ಎಲ್ಲ ಆಯಿತು. ಹೃದಯ ಸ್ವಲ್ಪ ಊದಿತ್ತು. ಸಾವಿರಾರು ಹುಡುಗರಲ್ಲಿ ಒಬ್ಬ ಎಂದಿದ್ದರಲ್ಲ, ಆ ಒಬ್ಬ ಇವನೇ ಆಗಿದ್ದ.

“ನಿಮ್ಮ ಮಾತು ಕೇಳಿ ಹೀಗಾಯ್ತು!” ಎಂದು ಮೆಕ್ಯಾನಿಕ್ ಜೊತೆಗೇ ಓಡಿ ಬಂದಿದ್ದ ನರ್ಸಕ್ಕನ ಮೇಲೆ ರೇಗಿದ. ಅವರ ಕಣ್ಣು ತುಂಬಿತು. “ಬೈಯಪ್ಪಾ. ನಾನು ಮಾತ್ರ ಇಲ್ಲಿಂದ ಏಳಲ್ಲ” ಎಂದು ಅಲ್ಲೇ ಬೆಂಚಿನ ಮೇಲೆ ಕುಳಿತರು.

ಹೆಂಡತಿ ಗಂಡನ ತೋಳು ಹಿಡಿದಳು. “ಅವರೇನು ಮುಚ್ಚಿಟ್ಟಿದ್ರಾ? ಎಲ್ಲ ಮೊದಲೇ ಹೇಳಿದ್ದಕ್ಕೇ ತಾನೆ ನಾವು ಹೊತ್ತಿಗೆ ಸರಿಯಾಗಿ ಬಂದಿದ್ದು? ಲಸಿಕೆ ಇಲ್ಲದೆ ಕೋವಿಡ್ ಬಂದು, ಅದಕ್ಕೆ ಉಬ್ಬಸವೂ ಸೇರಿದ್ದಿದ್ರೆ ಇವನ ಗತಿ ಏನು?” ಮೆಕ್ಯಾನಿಕ್ ಹೋಗಿ ನರ್ಸಕ್ಕನ ಪಕ್ಕದಲ್ಲಿ ಕುಳಿತ.

ಕೆಲವೇ ದಿನಗಳಲ್ಲಿ ನೋವು ಇಳಿದು ಹುಡುಗ ಮನೆಗೆ ಹೊರಟ. ಕೆಲವು ತಿಂಗಳು ಓಟವಿಲ್ಲ, ಆಟವಿಲ್ಲ, ಮೆಟ್ಟಿಲೂ ಬೇಡ. ತಮ್ಮನ್ನು ಕೇಳದೆ ಮುಂದಿನ ಡೋಸ್ ಕೂಡ ಬೇಡ ಎಂದು ಡಾಕ್ಟರು ಹೇಳಿ ಕಳುಹಿಸಿದರು.

ಕಟ್ಟಡದ ಬಾಗಿಲಲ್ಲಿ ನರ್ಸಕ್ಕ ಅಭ್ಯಾಸದಂತೆ ಮೆಟ್ಟಿಲ ಕಡೆ ತಿರುಗಿದರು. ಲಿಫ್ಟಿನೊಳಗಿಂದ ಹುಡುಗ ಕೈ ಚಾಚಿದ. “ನೀವು ಹೇಳಿದಿರಿ ಅಂತ ನಾನು ತೋಳು ಕೊಟ್ಟೆ. ಈಗ ನೀವು ಬನ್ನಿ.”

ನರ್ಸಕ್ಕ ಮೆಕ್ಯಾನಿಕ್‌ನ ಮುಖ ನೋಡಿದರು. “ಬೀಳಲ್ಲ ತಾನೆ?”

“ಬೀಳೋದೇ ಇಲ್ಲ ಅಂತ ಸುಳ್ಳು ಹೇಳಲ್ಲ ಅಕ್ಕಾ. ತೀರಾ ಅಪರೂಪ. ಸದ್ದಾದ್ರೆ ನಾನಿದ್ದೀನಿ.”

ಅವರು ಕಣ್ಣು ಮುಚ್ಚಿ, ಹುಡುಗನ ಕೈ ಬಿಗಿಯಾಗಿ ಹಿಡಿದು ಒಳಗೆ ಕಾಲಿಟ್ಟರು.

ತಿಂಗಳುಗಳು ಕಳೆದ ಮೇಲೆ ಹೃದಯದ ಡಾಕ್ಟರು ಮತ್ತೆ ಪರೀಕ್ಷೆ ಮಾಡಿ, ಇನ್ನು ಆಡಬಹುದು ಎಂದರು. ಮೈದಾನಕ್ಕೆ ಮರಳಿದ ‘ಗೋಡೆ’ ಮೊದಲ ಚೆಂಡನ್ನೇ ಗೋಲಿಗೆ ಬಿಟ್ಟುಕೊಟ್ಟ. ಬೇರೆ ದಿನವಾಗಿದ್ದರೆ ಅಪ್ಪ ಹಣೆ ಚಚ್ಚಿಕೊಳ್ಳುತ್ತಿದ್ದ. ಅವತ್ತು ಎದ್ದು ನಿಂತು ಚಪ್ಪಾಳೆ ಹೊಡೆದ.

ಓದುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಭಯ ತಪ್ಪಲ್ಲ. ಆದರೆ ಲಸಿಕೆಯ ಅಪಾಯದ ಪಕ್ಕದಲ್ಲೇ ಕಾಯಿಲೆಯ ಅಪಾಯವನ್ನೂ ಇಟ್ಟು ನೋಡಿ. ನಿಮ್ಮ ಮಗುವಿಗೆ ಯಾವ ಲಸಿಕೆ, ಎಷ್ಟು ಅಂತರ ಎಂದು ವೈದ್ಯರನ್ನೇ ಕೇಳಿ. ಲಸಿಕೆ ಹಾಕಿಸಿದ ಮೇಲೆ ಮಗು “ಎದೆ ನೋಯ್ತಿದೆ” ಎಂದರೆ, ಅದು ಎಷ್ಟೇ ಸಣ್ಣ ದನಿಯಲ್ಲಿ ಹೇಳಿದರೂ, ಕೈಯಲ್ಲಿರುವ ಕೆಲಸ ಬಿಟ್ಟು ಆಸ್ಪತ್ರೆಗೆ ಕರೆದುಕೊಂಡು ಹೋಗಿ.