ಫ್ರೈಶಾಲ್ಟನ್ ಎಂಬ ಪದ

ಮನೆಯವರೆಲ್ಲ ಅವಳನ್ನು ಡಿಕ್ಷನರಿ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಜರ್ಮನ್ ಕಾಗದಗಳನ್ನು ಇಂಗ್ಲಿಷಿಗೆ ಅನುವಾದಿಸುವುದೇ ಅವಳ ಕಸುಬು. ಅದರಲ್ಲಿ ಮುಕ್ಕಾಲು ಪಾಲು ಟೆಲಿಫೋನ್ ಕಂಪನಿಗಳದು: ಸಿಮ್ ಕಾರ್ಡಿನ ಸೂಚನೆಗಳು, ಗಿರಾಕಿಗಳಿಗೆ ಬರೆಯುವ ಪತ್ರಗಳು, ಯಾರೂ ಓದದ ಷರತ್ತುಗಳು. ತಂಗಿಯ ದಾರಿಯೇ ಬೇರೆ. ಊರಿಗೆ ನೀರು ಕೊಡುವ ಪಂಪ್‌ಹೌಸಿನಲ್ಲಿ ಅವಳು ಎಲೆಕ್ಟ್ರಿಷಿಯನ್. ಮೂವತ್ತೆಂಟು ದಾಟಿದ್ದರೂ ಅಕ್ಕನ ಬಾಯಲ್ಲಿ ಇನ್ನೂ ಪುಟ್ಟಿ.

ಪಂಪ್‌ಹೌಸಿಗೆ ಹೊರದೇಶದ ಹಳೆಯ ಸ್ವಿಚ್ ಪ್ಯಾನಲ್ ಒಂದು ಬಂದಾಗ ಅದರ ಕೈಪಿಡಿ ಜರ್ಮನ್ ಭಾಷೆಯಲ್ಲಿ ಮಾತ್ರ ಇತ್ತು. ಇಂಜಿನಿಯರ್ ತಲೆ ಕೆರೆದುಕೊಳ್ಳುತ್ತಿದ್ದರೆ ತಂಗಿ ಮುಂದೆ ಬಂದು, "ನಮ್ಮಕ್ಕ ಇದಾಳಲ್ಲ ಸಾರ್, ನೀರು ಕುಡಿದಷ್ಟು ಸಲೀಸಾಗಿ ಮಾಡಿಕೊಡ್ತಾಳೆ" ಎಂದಿದ್ದಳು. ಹಾಗೆ ಆ ನೂರಾ ಹತ್ತು ಪುಟ ಅಕ್ಕನ ಮೇಜಿಗೆ ಬಂತು. ಎರಡು ತಿಂಗಳ ಹಿಂದೆ ಮುಗಿಸಿಕೊಟ್ಟೂ ಆಗಿತ್ತು.

ಆ ಬುಧವಾರ ಬೆಳಿಗ್ಗೆ ಎಂಟಕ್ಕೆ ತಂಗಿಯ ಫೋನು. "ಅಕ್ಕ, ಇವತ್ತು ಪ್ಯಾನಲ್ ಹಿಂದಿನ ಮುಚ್ಚಳ ಬಿಚ್ತೀವಿ. ನಿನ್ನ ಪುಸ್ತಕ ಮುಂದಿಟ್ಕೊಂಡೇ ಕೆಲಸ. ಮೇಸ್ತ್ರಿ ಅಂತೂ ಅದಕ್ಕೆ ಬಟ್ಟೆ ಸುತ್ತಿ ಇಟ್ಟಿದಾರೆ, ಎಣ್ಣೆ ಕೈ ತಾಗಬಾರದಂತೆ."

ಅವಳು ನಕ್ಕು ಫೋನಿಟ್ಟು ತನ್ನ ಕೆಲಸಕ್ಕೆ ಕೂತಳು. ಅಂದಿನದು ಬರೀ ಒಂದು ಹಾಳೆ. ಪ್ಯಾನಲ್ಲಿನ ಪಕ್ಕದ ಗೋಡೆಗೆ ಅಂಟಿಸಲು ಸುರಕ್ಷತೆಯ ಐದು ನಿಯಮಗಳು. ಹಿಂದಿನ ದಿನ ಇಂಜಿನಿಯರ್ ಕಳಿಸಿದ್ದರು. ಮೊದಲ ನಿಯಮ ಒಂದೇ ಪದ: ಫ್ರೈಶಾಲ್ಟನ್. ಅವಳ ಬೆರಳುಗಳು ತಾವಾಗಿಯೇ "ಎನೇಬಲ್" ಎಂದು ಒತ್ತಿದವು. ಎನೇಬಲ್ ಎಂದರೆ ಚಾಲೂ ಮಾಡು. ಎರಡನೆಯ ನಿಯಮ: ಮತ್ತೆ ಚಾಲೂ ಆಗದಂತೆ ಭದ್ರಪಡಿಸು.

ಅವಳ ಕೈ ತಡೆಯಿತು. ಮೊದಲು ಚಾಲೂ ಮಾಡು, ಆಮೇಲೆ ಮತ್ತೆ ಚಾಲೂ ಆಗದಂತೆ ನೋಡಿಕೋ. ಇದೆಂಥ ಮಾತು? ಆ "ಮತ್ತೆ" ಎಂಬುದು ಹಲ್ಲಿಗೆ ಸಿಕ್ಕ ಕಲ್ಲಿನಂತಾಯಿತು.

ದಪ್ಪ ನಿಘಂಟನ್ನು ಕಪಾಟಿನಿಂದ ಇಳಿಸಿದಳು. ಈ ಪದಕ್ಕಾಗಿ ಅದನ್ನು ಎಂದೂ ತೆರೆದಿರಲಿಲ್ಲ. ಗೊತ್ತಿಲ್ಲದ ಪದಕ್ಕೆ ನಿಘಂಟು ನೋಡುತ್ತಾರೆ, ಗೊತ್ತಿರುವುದಕ್ಕೆ ಯಾರು ನೋಡುತ್ತಾರೆ? ಫ್ರೈ ಎಂದರೆ ಮುಕ್ತ, ಶಾಲ್ಟನ್ ಎಂದರೆ ಸ್ವಿಚ್ ಮಾಡುವುದು. ಟೆಲಿಫೋನಿನವರಿಗೆ ಅದು ಗಿರಾಕಿಯ ಲೈನನ್ನು ಬಳಕೆಗೆ ಮುಕ್ತಗೊಳಿಸುವುದು, ಅಂದರೆ ಚಾಲೂ ಮಾಡುವುದು. ಅದು ಮೊದಲನೆಯ ಅರ್ಥ. ಕೆಳಗೆ ಸಣ್ಣ ಅಕ್ಷರದಲ್ಲಿ, ವಿದ್ಯುತ್ ಎಂಬ ಗುರುತಿನ ಮುಂದೆ, ಎರಡನೆಯದು: ಐಸೊಲೇಟ್. ಕರೆಂಟಿನಿಂದ ಮುಕ್ತಗೊಳಿಸು. ಎಲ್ಲ ಕಡೆಯಿಂದಲೂ ಪೂರ್ತಿ ಕಡಿದು ಹಾಕು.

ಒಂದೇ ಪದ. ಒಬ್ಬರಿಗೆ ಚಾಲೂ, ಇನ್ನೊಬ್ಬರಿಗೆ ಬಂದ್.

ಎರಡು ತಿಂಗಳ ಹಿಂದಿನ ಫೈಲು ತೆಗೆದು ಹುಡುಕಿದಳು. ಹತ್ತೊಂಬತ್ತು ಕಡೆ ಎನೇಬಲ್. ನಲವತ್ತೊಂದನೇ ಪುಟದಲ್ಲಿ, ಅವಳೇ ದಪ್ಪ ಅಕ್ಷರದಲ್ಲಿ ಕೂರಿಸಿದ ಸಾಲು: ಹಿಂದಿನ ಮುಚ್ಚಳ ತೆಗೆಯುವ ಮೊದಲು ಲೈನನ್ನು ಎನೇಬಲ್ ಮಾಡಿ.

ಗಡಿಯಾರ ಹತ್ತೂ ಇಪ್ಪತ್ತು ತೋರಿಸುತ್ತಿತ್ತು.

ತಂಗಿಯ ಫೋನು ಬಂದ್ ಆಗಿತ್ತು. ಆಗಿರಲೇಬೇಕು, ಪ್ಯಾನಲ್ ಕೋಣೆಯ ಬಾಗಿಲಲ್ಲಿ ಫೋನುಗಳನ್ನು ಆರಿಸಿ ತಟ್ಟೆಗೆ ಹಾಕಿಯೇ ಒಳಗೆ ಹೋಗುವುದು ಅಲ್ಲಿನ ನಿಯಮ. ಆಫೀಸಿನ ಫೋನು ಎಂಗೇಜ್. ಮೂರು ಸಲ ಎಂಗೇಜ್. ಕೊನೆಗೆ ಗೇಟಿನ ನಂಬರ್ ಸಿಕ್ಕಿತು.

"ಪ್ಯಾನಲ್ ಕೆಲಸ ನಿಲ್ಲಿಸೋಕೆ ಹೇಳಿ. ಈಗಲೇ. ದಯವಿಟ್ಟು."

"ಯಾರಮ್ಮ ಮಾತಾಡೋದು?" ಕಾವಲುಗಾರನ ದನಿಯಲ್ಲಿ ಯಾವ ಅವಸರವೂ ಇರಲಿಲ್ಲ.

"ಆ ಪುಸ್ತಕ ಅನುವಾದ ಮಾಡಿದವಳು. ಅದರಲ್ಲಿ ತಪ್ಪಿದೆ."

"ಪುಸ್ತಕದ ವಿಷಯ ನಂಗೇನು ಗೊತ್ತಾಗುತ್ತೆ? ಇಂಜಿನಿಯರ್ ಸಾಹೇಬ್ರು ಮೀಟಿಂಗಲ್ಲಿದಾರೆ. ಹೊರಗೆ ಬಂದಮೇಲೆ ಹೇಳ್ತೀನಿ."

"ಅಲ್ಲೀವರೆಗೆ ಕಾಯೋಕಾಗಲ್ಲ. ಒಳಗೆ ಹೋಗಿ ಹೇಳಿ."

"ಗೇಟು ಬಿಟ್ಟು ಹೋದ್ರೆ ನನ್ನ ಕೆಲಸ ಹೋಗುತ್ತೆ ಕಣಮ್ಮ." ಫೋನು ಇಟ್ಟ ಸದ್ದು.

ಮನೆಯ ಚಪ್ಪಲಿಯಲ್ಲೇ ಬೀದಿಗೆ ಓಡಿದಳು. ಮೂಲೆಯಲ್ಲಿ ನಿಂತಿದ್ದ ಟ್ಯಾಕ್ಸಿ ಹತ್ತಿ ಪಂಪ್‌ಹೌಸ್ ಎಂದಳು. ಪ್ರತಿ ಸಿಗ್ನಲ್ಲಿನಲ್ಲೂ ಕೆಂಪು ದೀಪ. ಮುಂದಿನ ಲಾರಿ ಕಬ್ಬಿಣದ ಪೈಪುಗಳನ್ನು ಹೊತ್ತು ಬಸವನಹುಳುವಿನಂತೆ ತೆವಳುತ್ತಿತ್ತು. ಮತ್ತೆ ಮತ್ತೆ ತಂಗಿಗೆ ಫೋನು ಮಾಡಿದಳು, ಮತ್ತೆ ಮತ್ತೆ ಅದೇ ಯಂತ್ರದ ದನಿ. ಪುಟ್ಟಿ ಬುದ್ಧಿವಂತೆ, ಅಂಥ ಸಾಲು ಕಂಡರೆ ಅನುಮಾನ ಪಡುತ್ತಾಳೆ, ಎಂದು ತನಗೆ ತಾನೇ ಹೇಳಿಕೊಂಡಳು. ಮರುಕ್ಷಣವೇ, ಅನುಮಾನ ಯಾಕೆ ಪಡುತ್ತಾಳೆ, ಬರೆದವಳು ಅಕ್ಕ ತಾನೇ, ಎನ್ನಿಸಿತು.

ಪಂಪ್‌ಹೌಸಿನ ಸದ್ದು ಎರಡು ಬೀದಿ ಆಚೆಯಿಂದಲೇ ಕೇಳುವಂಥದ್ದು. ಹಗಲೂ ರಾತ್ರಿ ಗುಂಯ್‌ಗುಡುವ ಸದ್ದು. ಅಂದು ಟ್ಯಾಕ್ಸಿ ಇಳಿದಾಗ ಏನೂ ಕೇಳಲಿಲ್ಲ. ಈ ಮೌನ ಒಳ್ಳೆಯದೋ ಕೆಟ್ಟದ್ದೋ ಅವಳಿಗೆ ತಿಳಿಯಲಿಲ್ಲ. ಗೇಟು ಹಾಗೇ ತೆರೆದಿತ್ತು, ಕಾವಲುಗಾರ ಇರಲಿಲ್ಲ. ಗೇಟು ಬಿಟ್ಟು ಹೋದರೆ ಕೆಲಸ ಹೋಗುತ್ತದೆ ಎಂದವನು.

ಉದ್ದನೆಯ ಹಾದಿಯಲ್ಲಿ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಪ್ಯಾನಲ್ ಕೋಣೆಯ ಹೊರಗೆ ನಾಲ್ಕೈದು ಜನ ಗೋಡೆಗೆ ಒರಗಿ ನಿಂತಿದ್ದರು. ಮೆಟ್ಟಿಲ ಮೇಲೆ ಹಿರಿಯ ಮೇಸ್ತ್ರಿ ಕೂತಿದ್ದರು, ಹುಬ್ಬು ಅರ್ಧ ಸುಟ್ಟಿತ್ತು. ತೊಡೆಯ ಮೇಲೆ ಬಟ್ಟೆ ಸುತ್ತಿದ ಪುಸ್ತಕ.

"ಪುಟ್ಟಿ ಎಲ್ಲಿ?"

ಮೇಸ್ತ್ರಿ ತಲೆ ಎತ್ತಿದರು. "ಜೀವಕ್ಕೇನೂ ಇಲ್ಲಮ್ಮ. ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಗ್ಲೌಸ್ ಇತ್ತು, ಅದಕ್ಕೆ ಕೈ ಉಳೀತು." ಪುಸ್ತಕದ ಬಟ್ಟೆ ಸರಿಪಡಿಸಿದರು. "ಕಣ್ಣು ಕಾಣಿಸ್ತಿಲ್ಲ ಅಂತಿದ್ಲು."

ಅವಳು ಅವರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು. ಮೇಸ್ತ್ರಿ ತಡೆತಡೆದು ಹೇಳಿದ್ದು ಇಷ್ಟು. ಲೈನು ಬಂದ್ ಆಗಿಯೇ ಇತ್ತು. ಪುಸ್ತಕದಲ್ಲಿ ಎನೇಬಲ್ ಮಾಡಿ ಎಂದಿದ್ದುದನ್ನು ನೋಡಿ ಇಬ್ಬರಿಗೂ ವಿಚಿತ್ರ ಎನ್ನಿಸಿತು. ಗೊತ್ತಿಲ್ಲದ ನಮೂನೆಯ ಪ್ಯಾನಲ್, ಮುಚ್ಚಳದ ಬೀಗ ಬಿಡುವುದಕ್ಕೂ ಕರೆಂಟು ಬೇಕೇನೋ ಎಂದು ಮೇಸ್ತ್ರಿ ಅಂದುಕೊಂಡರು. ತಂಗಿ ಸ್ಪ್ಯಾನರ್ ಹಿಡಿದು ಒಂದು ಗಳಿಗೆ ನಿಂತಳಂತೆ. ಆಮೇಲೆ, "ನಮ್ಮಕ್ಕ ಒಂದು ಕಾಮಾನೂ ತಪ್ಪು ಹಾಕಲ್ಲ, ಕರೆಂಟು ಹಾಕಿ ಮೇಸ್ತ್ರಿ" ಎಂದಳಂತೆ. ಐದನೆಯ ಬೋಲ್ಟು ಸಡಿಲವಾದಾಗ ಮುಚ್ಚಳ ವಾಲಿ ಅದರ ಅಂಚು ಒಳಗಿನ ತಾಮ್ರದ ಪಟ್ಟಿಗೆ ತಾಗಿತು. ಕೋಣೆ ತುಂಬ ಬೆಳಕು.

ಆಸ್ಪತ್ರೆಯಲ್ಲಿ ತಂಗಿಯ ಎರಡೂ ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿದ್ದರು. ಮುಂಗೈ ಮೇಲೆ ಮುಲಾಮು. ಶುಕ್ರವಾರ ಪಟ್ಟಿ ಬಿಚ್ಚುವವರೆಗೆ ಏನೂ ಹೇಳಲಾಗದು ಎಂದು ಡಾಕ್ಟರ್ ಹೇಳಿ ಹೋದರು. ನೋವಿನ ಮದ್ದಿಗೆ ತಂಗಿ ನಿದ್ದೆಯಲ್ಲಿದ್ದಳು.

ಮಧ್ಯಾಹ್ನ ಇಂಜಿನಿಯರ್ ಬಂದರು. ಕಾರಿಡಾರಿನಲ್ಲಿ ಅವಳನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು: "ನಿಮ್ಮ ತಂಗಿ ಒಳ್ಳೇ ಕೆಲಸಗಾರ್ತಿ. ಆದ್ರೂ ವರದಿ ಬರೀಬೇಕಲ್ಲಮ್ಮ. ಪುಸ್ತಕದಲ್ಲಿ ಲೈನು ಅಂದಿರೋದು ಬೀಗದ ಲೈನು ಇರ್ಬೇಕು, ಇವಳು ಮೇನ್ ಲೈನು ಅಂದ್ಕೊಂಡಿದಾಳೆ. ಅಜಾಗರೂಕತೆ ಅಂತಲೇ ಬರೀಬೇಕಾಗುತ್ತೆ. ಸೋಮವಾರ ಕಳಿಸ್ತೀನಿ."

ಪುಸ್ತಕದ ಮೇಲೆ ಯಾರಿಗೂ ಅನುಮಾನವಿಲ್ಲ. ಫೋನಿನಲ್ಲಿ ತಾನು ಹೇಳಿದ್ದು ಕಾವಲುಗಾರನಿಗೆ ಅರ್ಥವೂ ಆಗಿಲ್ಲ. ಆ ಊರಿನಲ್ಲಿ ಜರ್ಮನ್ ಓದಬಲ್ಲವಳು ಅವಳೊಬ್ಬಳೇ. ಬಾಯಿ ಮುಚ್ಚಿಕೊಂಡಿದ್ದರೆ ಮುಚ್ಚಿಹೋಗುವ ಸಂಗತಿ. ಈ ಯೋಚನೆ ಎಷ್ಟು ಸಲೀಸಾಗಿ ತಲೆಗೆ ಬಂತೆಂದರೆ ಅವಳಿಗೆ ತನ್ನ ಮೇಲೇ ಭಯವಾಯಿತು. "ಹೂಂ" ಎಂದಳು. ಅಷ್ಟೇ ಎಂದದ್ದು.

ಗುರುವಾರ ಇಡೀ ದಿನ ತಂಗಿಗೆ ಗಂಜಿ ಕುಡಿಸಿದಳು, ತಲೆ ಬಾಚಿದಳು, ಹೇಳಬೇಕಾದ್ದನ್ನು ಹೇಳಲಿಲ್ಲ. ತಂಗಿ ಎಚ್ಚರವಾದಾಗಲೆಲ್ಲ ಒಂದೇ ಪ್ರಶ್ನೆ.

"ನಾನೆಲ್ಲಿ ತಪ್ಪು ಮಾಡ್ದೆ ಅಕ್ಕ? ಹದಿನೈದು ವರ್ಷ ಆಯ್ತು. ಒಂದು ದಿನಾನೂ ಹೀಗಾಗಿಲ್ಲ."

"ಈಗ ಅದನ್ನೆಲ್ಲ ಯೋಚಿಸ್ಬೇಡ."

"ಯೋಚಿಸದೆ ಇನ್ನೇನು ಮಾಡ್ಲಿ? ಕಣ್ಣು ಬರದಿದ್ರೆ ನಾನು ಯಾವ ಕೆಲಸಕ್ಕೆ ಬರ್ತೀನಿ?"

ಪಟ್ಟಿಯ ಕೆಳಗಿಂದ ಒಂದು ಹನಿ ಕೆನ್ನೆಗೆ ಇಳಿಯಿತು. ತನ್ನ ಮುಖ ತಂಗಿಗೆ ಕಾಣುವುದಿಲ್ಲ ಎಂಬುದೇ ಅವಳಿಗೆ ಆ ಹೊತ್ತಿನಲ್ಲಿ ಒಂದು ಸಮಾಧಾನವೆನಿಸಿತು. ಆ ಸಮಾಧಾನಕ್ಕೇ ಹೇಸಿಗೆಯೂ ಆಯಿತು. ಕುರ್ಚಿಯನ್ನು ಮಂಚಕ್ಕೆ ಹತ್ತಿರ ಎಳೆದುಕೊಂಡಳು.

"ಪುಟ್ಟಿ, ತಪ್ಪು ನಿಂದಲ್ಲ. ನಂದು. ಅಲ್ಲಿ ಎನೇಬಲ್ ಅಂತ ಇರ್ಬಾರದಿತ್ತು. ಐಸೊಲೇಟ್ ಅಂತ ಇರ್ಬೇಕಿತ್ತು."

ತಂಗಿಯ ಕೈ ಹೊದಿಕೆಯ ಮೇಲೆ ಹಾಗೇ ನಿಂತಿತು. ಪಕ್ಕದ ಮಂಚದ ಮುದುಕಿ ಕೆಮ್ಮಿ ಮಗ್ಗುಲಾದಳು.

"ಅದು ಯಾವ ಪದ?"

ಅವಳು ಹೇಳಿದಳು. ಎರಡೂ ಅರ್ಥ ಹೇಳಿದಳು. ನಿಘಂಟು ತೆರೆಯದೇ ಇದ್ದದ್ದನ್ನೂ ಹೇಳಿದಳು.

"ನನ್ನನ್ನ ಕೇಳಬಹುದಿತ್ತಲ್ಲ ಅಕ್ಕ." ತಂಗಿಯ ದನಿ ಏರಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. "ಪದ ನಿಂಗೆ ಗೊತ್ತು, ಕೆಲಸ ನಂಗೆ ಗೊತ್ತು. ಒಂದು ಫೋನು ಮಾಡಿ, ಹಿಂಗೆ ಬರೆದಿದೀನಿ ಸರಿಯಾ ಅಂದಿದ್ರೆ ಆಗ್ತಿತ್ತು. ನಾನೂ ಅಷ್ಟೇ. ನಿಂಗೆ ಒಂದು ಫೋನು ಮಾಡ್ಬೇಕಿತ್ತು. ಮಾಡ್ಲಿಲ್ಲ." ಆಮೇಲೆ ಗೋಡೆಯ ಕಡೆ ತಿರುಗಿದಳು. "ಈಗ ಹೊರಗೆ ಹೋಗು ಸ್ವಲ್ಪ ಹೊತ್ತು."

ಅವಳು ಹೊರಗೆ ಹೋಗಿ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಳು. ಸಂಜೆಯವರೆಗೂ ಒಳಗಿಂದ ಕರೆ ಬರಲಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಪಟ್ಟಿ ಬಿಚ್ಚಿದರು. ಅವಳು ಮಂಚದ ಕಬ್ಬಿಣದ ಸರಳನ್ನು ಹಿಡಿದು ನಿಂತಿದ್ದಳು. ಡಾಕ್ಟರ್ ಕಿಟಕಿಯ ಪರದೆ ಎಳೆದು, "ನಿಧಾನವಾಗಿ" ಎಂದರು. ತಂಗಿ ರೆಪ್ಪೆ ಬಿಡಿಸಿದಳು. ಕಣ್ಣು ಕೆಂಡದಂತೆ ಕೆಂಪಾಗಿದ್ದವು. ಛಾವಣಿ ನೋಡಿದಳು, ಗೋಡೆ ನೋಡಿದಳು.

"ಬಲಗಣ್ಣಲ್ಲಿ ಕಾಣುತ್ತೆ. ಎಡಗಣ್ಣಲ್ಲಿ ಎಲ್ಲ ಮಬ್ಬು." ಆಮೇಲೆ ಕೆಳಗೆ ನೋಡಿ, "ಅಕ್ಕ, ಯಾಕೆ ಮನೆ ಚಪ್ಪಲೀಲೇ ಬಂದಿದೀಯಾ?" ಎಂದಳು.

ಅಲ್ಲಿಂದ ಅಕ್ಕ ಮನೆಗೆ ಹೋಗಿ ಪುಸ್ತಕಗಳನ್ನು ಎತ್ತಿಕೊಂಡು ನೇರ ಇಂಜಿನಿಯರ್ ಆಫೀಸಿಗೆ ಹೋದಳು. ಜರ್ಮನ್ ಕೈಪಿಡಿ, ತನ್ನ ಇಂಗ್ಲಿಷ್, ನಿಘಂಟು, ಮೂರನ್ನೂ ಅವರ ಮೇಜಿನ ಮೇಲೆ ಬಿಚ್ಚಿಟ್ಟು ಹತ್ತೊಂಬತ್ತು ಕಡೆಯನ್ನೂ ಬೆರಳಿಟ್ಟು ತೋರಿಸಿದಳು. ಇಂಜಿನಿಯರ್ ಮುಖದಲ್ಲಿ ರಕ್ತವೇ ಇರಲಿಲ್ಲ. ಪಂಪ್‌ಹೌಸಿನಲ್ಲಿದ್ದ ಪುಸ್ತಕದ ಮೊದಲ ಪುಟದಲ್ಲಿ, ಓದಿ ಒಪ್ಪಿದ್ದೇನೆ ಎಂಬ ಸಾಲಿನ ಕೆಳಗೆ, ಅವರದೇ ಸಹಿ ಇತ್ತು.

"ಇದನ್ನ ಬರೆದು ಕೊಟ್ರೆ ನಿಮಗೆ ಇನ್ಯಾರೂ ಕೆಲಸ ಕೊಡಲ್ಲ, ಗೊತ್ತಲ್ಲ?" ಎಂದರು.

"ಗೊತ್ತು. ವರದಿಯಲ್ಲಿ ನನ್ನ ತಂಗಿಯ ತಪ್ಪು ಅನ್ನೋ ಸಾಲು ಇರ್ಬಾರದು."

ಬರೆದುಕೊಟ್ಟಳು. ಇಂಜಿನಿಯರ್ ಹೇಳಿದ್ದು ಸುಳ್ಳಾಗಲಿಲ್ಲ, ಟೆಲಿಫೋನ್ ಕಂಪನಿಯವರೂ ತಿಂಗಳೊಳಗೆ ಕೈಬಿಟ್ಟರು. ತಂಗಿಯ ಎಡಗಣ್ಣು ಮುಕ್ಕಾಲು ಪಾಲು ಸುಧಾರಿಸಿತು, ಪೂರ್ತಿ ಅಲ್ಲ. ಕೆಲವು ವಾರ ಅವಳು ಅಕ್ಕನ ಜೊತೆ ಅಷ್ಟಕ್ಕಷ್ಟೇ ಮಾತಾಡಿದಳು. ಆಮೇಲೆ ಒಂದು ದಿನ ತಾನಾಗಿಯೇ ಬಂದು ಮೇಜಿನ ಎದುರು ಕೂತು, ಅದೇ ಜರ್ಮನ್ ಕೈಪಿಡಿಯನ್ನು ಮುಂದೆ ತಳ್ಳಿ, "ಓದು" ಎಂದಳು. ಅಕ್ಕ ಜರ್ಮನ್ ಸಾಲಿನ ಅರ್ಥವನ್ನು ಬಾಯಲ್ಲಿ ಹೇಳುವುದು, ಅದಕ್ಕೆ ಕೈ ಏನು ಮಾಡುತ್ತದೆಂದು ತಂಗಿ ಗಾಳಿಯಲ್ಲಿ ಮಾಡಿ ತೋರಿಸುವುದು, ಆಮೇಲೆ ಬರೆಯುವುದು. ನೂರಾ ಹತ್ತು ಪುಟಕ್ಕೆ ಎರಡೂವರೆ ತಿಂಗಳು ಹಿಡಿಯಿತು.

ಹೊಸ ಪುಸ್ತಕದೊಂದಿಗೆ ಪ್ಯಾನಲ್ ತೆರೆಯುವ ದಿನ ಅಕ್ಕನೂ ಹೋದಳು. ಒಳಗೆ ಬಿಡಲಿಲ್ಲ. ಹಾದಿಯ ಬೆಂಚಿನ ಮೇಲೆ ಕೂತು ಪಂಪುಗಳ ಸದ್ದು ನಿಲ್ಲುವುದನ್ನು ಕೇಳಿದಳು. ಒಂದೊಂದೇ ಬೋಲ್ಟು ಕಳಚುವ ಸದ್ದು ಬಾಗಿಲಾಚೆಯಿಂದ ಬರುತ್ತಿತ್ತು. ನಾಲ್ಕು. ಐದು. ಆರು.

ಅರ್ಧ ಗಂಟೆ ಕಳೆದ ಮೇಲೆ ತಂಗಿ ಗ್ಲೌಸ್ ಬಿಚ್ಚುತ್ತ ಹೊರಗೆ ಬಂದಳು, ಎಡಗಣ್ಣು ಕಿರಿದು ಮಾಡಿಕೊಂಡು. "ಅಕ್ಕ, ಎಪ್ಪತ್ತೆರಡನೇ ಪುಟದಲ್ಲಿ ತಪ್ಪಿದೆ."

ಅವಳು ಎದ್ದು ನಿಂತಳು.

"ಹೆದರ್ಬೇಡ. ಸ್ಪೆಲಿಂಗು. ಸ್ಕ್ರೂ ಅನ್ನೋದಕ್ಕೆ ಒಂದು ಅಕ್ಷರ ಕಡಿಮೆ." ತಂಗಿ ನಗುತ್ತಿದ್ದಳು, ಒಳಗಿಂದ ಮೇಸ್ತ್ರಿ ನಗುವುದೂ ಕೇಳುತ್ತಿತ್ತು.

ಅವಳಿಗೆ ನಗು ಬರಲಿಲ್ಲ. ತಂಗಿಯ ಕೈಯಿಂದ ಪುಸ್ತಕ ತೆಗೆದುಕೊಂಡು, ಅದೇ ಬೆಂಚಿನ ಮೇಲೆ ಕೂತು, ಮೊದಲ ಪುಟದಿಂದ ಓದತೊಡಗಿದಳು.