ಬಟ್ಟಲಿಗಿಳಿದ ಹಲ್ಲುಸೆಟ್ಟು

ವರ್ಷಗಳ ಹಿಂದೆ ಮುಷ್ಕರದಲ್ಲಿ ಗಿರಣಿ ಗೇಟಿನ ಮುಂದೆ ಘೋಷಣೆ ಕೂಗುತ್ತಿದ್ದಾಗ ಪೊಲೀಸರ ಲಾಠಿ ಅವನ ಮೇಲ್ಸಾಲಿನ ಹಲ್ಲುಗಳನ್ನು ಉದುರಿಸಿತ್ತು. ಉದುರಿಸಿದವನಿಗೆ ಬಡ್ತಿ ಸಿಕ್ಕಿತು. ಹಲ್ಲು ಕಳೆದುಕೊಂಡವನಿಗೆ ಸಿಕ್ಕಿದ್ದು ಹಲ್ಲುಸೆಟ್ಟು ಮತ್ತು ರಾತ್ರಿ ಕಾವಲಿನ ಕೆಲಸ. ಗೆಳೆಯರು ಮಾತ್ರ ಇಂದಿಗೂ ‘ಮೈಕು’ ಎಂದೇ ಕರೆಯುತ್ತಾರೆ.

ಐವತ್ತೆಂಟಕ್ಕೆ ಮದುವೆಯಾದ. ಇಸ್ತ್ರಿ ಅಂಗಡಿ ನಡೆಸುವ ಹೆಂಡತಿ ಮೂರು ವರ್ಷದಲ್ಲಿ ಒಮ್ಮೆಯೂ ಅವನ ಬೋಳು ವಸಡು ಕಂಡಿರಲಿಲ್ಲ.

ಈಗ ತುಟಿಗಳು ಕೂಡುವ ಮೂಲೆಯ ಒಳಗೆ, ಕೆನ್ನೆಯ ಒಳಮೈಗೆ, ಒಂದು ಬಿಳಿ ಮಚ್ಚೆ. ಉಜ್ಜಿದರೂ ಹೋಗದ್ದು. ಎರಡು ವಾರ ಔಷಧಿ ಹಚ್ಚಿದರೂ ಕದಲಲಿಲ್ಲ.

“ಮಲಗುವಾಗ ಸೆಟ್ಟು ತೆಗೀತೀರಾ?” ಡಾಕ್ಟರಮ್ಮ ಕೇಳಿದರು.

“ದಿನಾ ತೆಗೀತೀನಿ ತಾಯಿ.”

“ಸುಳ್ಳು ಡಾಕ್ಟ್ರೇ,” ಎಂದಳು ಹೆಂಡತಿ. “ಸೀನೋವಾಗ್ಲೂ ಬಾಯಿ ಅದುಮಿಕೊಂಡೇ ಸೀನ್ತಾರೆ, ಎಲ್ಲಿ ಬಿದ್ದುಬಿಡುತ್ತೋ ಅಂತ!”

ಡಾಕ್ಟರಮ್ಮ ನಗಲಿಲ್ಲ. “ಸೆಟ್ಟಿನಡಿ ಬೂಷ್ಟು ಮನೆ ಮಾಡಿದೆ. ಮಚ್ಚೆಗೂ ಅದೇ ಹತ್ತಿದೆ. ಇಂಥ ಮಚ್ಚೆ ಮುಂದೆ ಕ್ಯಾನ್ಸರ್ ಆಗ್ಬಹುದು, ಆಗದೇನೂ ಇರ್ಬಹುದು. ಬೂಷ್ಟು ಕೂತಿದ್ರೆ ಭಯ ಜಾಸ್ತಿ. ಈಗ ಚೂರು ಕತ್ತರಿಸಿ ನೋಡಿದ್ರೂ, ಬೂಷ್ಟಿನ ಕಿತಾಪತಿ ಯಾವ್ದು, ನಿಜವಾದ ಕೇಡು ಯಾವ್ದು ಹೇಳೋದು ಕಷ್ಟ. ಇನ್ನೆರಡೇ ವಾರ ಔಷಧಿ ಹಚ್ಚಿ, ಆಮೇಲೆ ನೋಡೋಣ. ಮಲಗುವಾಗ ಸೆಟ್ಟು ಹೊರಗಿರ್ಬೇಕು.”

ಮನೆಗೆ ಬಂದರು. ಅವನು ಹಗಲು ಮಲಗುವವನು. ಹಾಸಿಗೆಯ ಅಂಚಿನಲ್ಲಿ ಗೋಡೆಗೆ ಮುಖ ಮಾಡಿ ಕೂತ.

“ನೀನು ಆಚೆ ಹೋಗು.”

“ಯಾಕ್ರೀ, ಹೊಸ ಮದುಮಗಳಾ ನೀವು?”

“ತಮಾಷೆ ಸಾಕು ಕಣೇ. ಅಜ್ಜನ್ನ ಕಟ್ಕೊಂಡೆ ಅನ್ಸುತ್ತೆ ನಿಂಗೆ.”

“ಅನ್ಸೋದೇನು ಬಂತು? ಕಟ್ಕೊಂಡಿದ್ದೇ ಅಜ್ಜನ್ನ.” ಬಟ್ಟಲಲ್ಲಿ ನೀರು ತಂದಿಟ್ಟಳು. ಇಸ್ತ್ರಿಯ ಬಿಸಿಗೆ ಒರಟಾದ ಅಂಗೈಯನ್ನು ಅವನ ಬೆನ್ನ ಮೇಲಿಟ್ಟಳು. “ನಾಚ್ಕೋಬೇಕಾದೋನು ಲಾಠಿ ಹಿಡ್ದೋನು ರೀ. ನೀವ್ಯಾಕೆ?”

ಅವನು ತಿರುಗಿದ. ಸೆಟ್ಟು ತೆಗೆದು ಬಟ್ಟಲಿಗೆ ಹಾಕಿದ. ಗುಳಿಬಿದ್ದ ಮುಖವನ್ನು ಅವಳು ಬೊಗಸೆಯಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ, ಮಚ್ಚೆಗೆ ಔಷಧಿ ಹಚ್ಚಿದಳು.

“ಈಗ ಸುಮ್ನೆ ಮಲಗಿ.”

“ಥರಿ,” ಎಂದ ಮೈಕು. ಇಬ್ಬರೂ ನಕ್ಕುಬಿಟ್ಟರು.

ಎರಡು ವಾರದ ಮೇಲೆ ಡಾಕ್ಟರಮ್ಮ ಟಾರ್ಚು ಬಿಟ್ಟು ನೋಡಿದರು. ಬಿಳುಪು ಬಹುಪಾಲು ಕರಗಿತ್ತು, ಬೇಳೆಯಷ್ಟು ಉಳಿದಿತ್ತು.

“ಇದನ್ನ ಕತ್ತರಿಸಿ ಪರೀಕ್ಷೆಗೆ ಕಳಿಸ್ತೀನಿ. ಏನು ಬರುತ್ತೋ ನಾನೀಗ್ಲೇ ಹೇಳಲಾರೆ. ಆದ್ರೆ ಬೂಷ್ಟಿನ ಗೊಂದಲ ಇರಲ್ಲ.”

ಹೆಂಡತಿಯ ಮುಖ ಸಣ್ಣಗಾಯಿತು. ಕೋಣೆಯಲ್ಲಿ ನರ್ಸು, ಮತ್ತಿಬ್ಬರು ರೋಗಿಗಳು, ಅವರ ಮನೆಯವರು. ಅವನು ಯಾರಿಗೂ ಆಚೆ ಹೋಗಿ ಎನ್ನಲಿಲ್ಲ. ಸೆಟ್ಟು ತೆಗೆದು ಅವಳ ಅಂಗೈಗಿಟ್ಟು, ಬಾಯಿ ಅಗಲವಾಗಿ ತೆರೆದ.