ಸಿಪೋರಾಬಾಯಿಯ ಬೆಂಕಿಪೊಟ್ಟಣ

ಬೆಂಕಿಪೊಟ್ಟಣ ಸಿಪೋರಾಬಾಯಿಯ ಮುಷ್ಟಿಯಲ್ಲಿತ್ತು. ಉಳಿದ ಹದಿಮೂರು ಜನ ಆ ಮುಷ್ಟಿಯನ್ನೇ ನೋಡುತ್ತಿದ್ದರು.

ದೋಹಾ, ಅಲ್ ಹಿಲಾಲ್, ಹೋಟೆಲಿನ ತಾರಸಿ. ಜೂನ್ ತಿಂಗಳ ಶುಕ್ರವಾರ, ಸಂಜೆ ಆರು ಗಂಟೆ. ಮೇಜಿನ ಮೇಲೆ ಎರಡು ಗಾಜಿನ ಲೋಟ, ಅರ್ಧ ನೀರು, ಮೇಲೆ ತೆಂಗಿನೆಣ್ಣೆ, ಬತ್ತಿ. ಆರು ಇಪ್ಪತ್ತಾರಕ್ಕೆ ಸೂರ್ಯ ಮುಳುಗುತ್ತಾನೆ. ಅದಕ್ಕೆ ಮೊದಲು ಹಿರಿಯ ಹೆಂಗಸು ದೀಪ ಹಚ್ಚಬೇಕು. ಹಚ್ಚಿದರೆ ಸಬ್ಬತ್, ವಾರದ ವಿಶ್ರಾಂತಿಯ ದಿನ, ಶುರು. ನಾಳೆ ಕತ್ತಲಾಗುವವರೆಗೆ ಬೆಂಕಿ ಮುಟ್ಟುವಂತಿಲ್ಲ, ಬರೆಯುವಂತಿಲ್ಲ, ಫೋನ್ ಎತ್ತುವಂತಿಲ್ಲ, ಪ್ರಯಾಣವಂತೂ ಇಲ್ಲವೇ ಇಲ್ಲ.

ಅವರು ಹುಬ್ಬಳ್ಳಿ, ಬೆಳಗಾವಿಯ ಯಹೂದಿಗಳು. ಅಜ್ಜಂದಿರು ಕೊಂಕಣದಿಂದ ರೈಲ್ವೆ ನೌಕರಿಗೆ ಬಂದವರು. ಮುಂಬಯಿ, ದೋಹಾ, ಅಮ್ಮಾನ್, ಅಲ್ಲಿಂದ ಗಡಿ ದಾಟಿ ಜೆರುಸಲೇಮ್. ಈ ಯಾತ್ರೆಗೆ ಎರಡು ವರ್ಷದ ಸಿದ್ಧತೆ. ದೋಹಾದಲ್ಲಿ ಇಳಿದ ದಿನವೇ ಮುಂದಿನ ವಿಮಾನಗಳೆಲ್ಲ ನಿಂತವು. ಐದು ದಿನವಾದ ಮೇಲೆ ಇಂದು ಅಮ್ಮಾನ್‌ಗೆ ಒಂದು ವಿಮಾನ ಹೊರಡುತ್ತದೆ, ಒಂಬತ್ತೂವರೆಗೆ. ಮತ್ತೊಂದು ಬುಧವಾರ.

ಬುಧವಾರವೇ ಹೋಗೋಣ ಎಂದು ಗುಂಪಿನ ಮುಖಂಡ ಹನೋಖ್ ಮಧ್ಯಾಹ್ನವೇ ತೀರ್ಮಾನಿಸಿದ್ದ. ಸಿಪೋರಾಬಾಯಿಯ ತಮ್ಮ ಬೆಂಜಮಿನ್‌ಗೆ ಬುಧವಾರ ಇರಲಿಲ್ಲ. ಇಸ್ರೇಲಿನ ಡಿಮೋನಾದಲ್ಲಿ, ಇನ್ನೇನೂ ಮಾಡಲಾಗದು ಎಂದು ಅವನನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು. ದಿನವೆಲ್ಲ ಅವನ ಮಗಳು ಯಾಎಲ್ ಮೆಸೇಜ್ ಮಾಡುತ್ತಿದ್ದಳು: ಉಸಿರಾಡುತ್ತಿದ್ದಾರೆ. ಉಸಿರಾಡುತ್ತಿದ್ದಾರೆ. ಬೆಳಿಗ್ಗೆ ಒಂದು ಮಾತು ಹೇಳಿಟ್ಟಿದ್ದಳು: "ಅತ್ತೆ, ಮೆಸೇಜ್ ಬಂದರೆ ಹೆದರಬೇಡಿ. ಫೋನ್ ಮಾತ್ರ ಆ ಒಂದೇ ಸುದ್ದಿಗೆ ಮಾಡ್ತೀನಿ."

ನಲವತ್ತೈದು ವರ್ಷದ ಹಿಂದೆ ಅಲ್ಲಿಗೆ ಹೋದವನು. ಬಾ ಅಕ್ಕಾ ಎಂದು ಪ್ರತಿ ವರ್ಷ ಕರೆದಿದ್ದ. ಮುಂದಿನ ವರ್ಷ ಬರ್ತೀನಿ ಎಂದು ಇವರೂ ಪ್ರತಿ ವರ್ಷ ಹೇಳಿದ್ದರು.

ಹದಿನಾಲ್ಕು ಜನರಿಗೂ ಸೇರಿ ಒಂದೇ ಟಿಕೆಟ್. ಒಬ್ಬರನ್ನು ಬೇರೆ ಮಾಡಿ ಕಳಿಸಬೇಕಾದರೆ ಮುಖಂಡನ ಸಹಿ ಬೇಕು. ಆ ಕಾಗದ ಹಿಡಿದು ವಿಮಾನ ಕಂಪನಿಯ ವೆರೋನಿಕಾ ನಿಂತಿದ್ದಳು. ಬಂಟ್ವಾಳದ ಹುಡುಗಿ.

"ಆಂಟಿ, ಆರೂವರೆಗೆ ಬಸ್ ಹೊರಡ್ತದೆ. ಅದು ಬಿಟ್ರೆ ಖಲಾಸ್."

"ಕೇಳಿದೇನ ಹನೋಖ್? ಸಹಿ ಮಾಡು."

"ಮಾವ್ಶಿ, ನಾಲ್ಕು ಸರ್ತಿ ಹೇಳಿದೆ. ಸಬ್ಬತ್ ಮುರಿಯೋಕೆ ನನ್ನ ಕೈಯಿಂದ ಸಹಿ ಇಲ್ಲ. ಜೀವ ಉಳಿಸೋದಾದ್ರೆ ಮುರೀಬಹುದು. ನೀವು ಹೋದ್ರೆ ಅವರು ಉಳೀತಾರಾ?"

"ಇಲ್ಲ."

"ಮತ್ತೆ?"

"ನೋಡಬೇಕು."

ಅವನು ಎದೆಯ ಮೇಲೆ ಕೈಕಟ್ಟಿದ. ಪ್ರಾರ್ಥನೆಗೆ ಬೇಕಾದ ಹತ್ತು ಜನ ಗಂಡಸರು ಸೇರಿದ್ದೇವೆ, ಹೊತ್ತಾಯಿತು ಎಂದು ಹಿಂದಿನಿಂದ ಯಾರೋ ಹೇಳಿದರು.

"ಹತ್ತು ಜನ," ಎಂದರು ಸಿಪೋರಾಬಾಯಿ. "ಪ್ರಾರ್ಥನಿಗೆ ಹತ್ತು ಮಂದಿ ಎಣಿಸುವಾಗ ನನ್ನ ಬಿಡ್ತೀರಿ. ಎಪ್ಪತ್ತೊಂದು ವರ್ಷ ಬಿಟ್ಟೀರಿ, ನಾ ಒಂದ್ ಮಾತ್ ಆಡಿಲ್ಲ. ಇವತ್ತು ಟಿಕೆಟ್ ಎಣಿಸುವಾಗ ಮಾತ್ರ ನಾ ಯಾಕ ಬೇಕೋ ನಿಮಗ?"

ಎಸಿ ಯಂತ್ರಗಳು ಬಿಸಿ ಗಾಳಿ ಉಗುಳುತ್ತಿದ್ದವು.

ಹನೋಖ್ ತನ್ನ ಹೆಂಡತಿಯ ಕಡೆ ತಿರುಗಿದ. "ನೀನೇ ಹಚ್ಚು."

"ಹಿರಿಯರು ಮುಂದೆ ನಿಂತಿರುವಾಗ ನಾನು ಹಚ್ಚೋದಿಲ್ಲ," ಎಂದಳು ಅವಳು. "ಬೆಂಕಿಪೊಟ್ಟಣವೂ ಅವರ ಹತ್ತಿರ ಇದೆ."

ಆರು ಹದಿನೈದು. ಸೂರ್ಯ ಧೂಳಿನಲ್ಲಿ ಕೆಂಪಾಗಿದ್ದ. ಸಿಪೋರಾಬಾಯಿ ಕೈ ಎತ್ತಿ ತಾರಸಿಯ ಗೋಡೆಯಾಚೆ ಚಾಚಿದರು. ಕೆಳಗೆ ಆರು ಮಹಡಿ.

"ಒಗೀತೀನಿ. ಕತ್ತಲದಾಗ ಸಬ್ಬತ್ ಮಾಡ್ರಿ."

"ಮಾವ್ಶಿ, ಹುಚ್ಚು ಹಿಡಿದಿದೆಯಾ?"

"ಹೌದಪಾ. ಪೆನ್ ತಗೋ."

ಆರು ಹದಿನೆಂಟಕ್ಕೆ ಹನೋಖ್ ವೆರೋನಿಕಾಳ ಕೈಯಿಂದ ಪೆನ್ನು ಕಿತ್ತುಕೊಂಡ. ಕಾಗದವನ್ನು ಗೋಡೆಗೆ ಒತ್ತಿ ಸಹಿ ಮಾಡಿದ. ಒತ್ತಿದ ರಭಸಕ್ಕೆ ಕಾಗದ ತೂತಾಯಿತು.

"ಇದು ನಿಮ್ಮ ತಲೆ ಮೇಲೆ," ಎಂದ.

"ಇರಲಿ."

ಅವರು ಕಡ್ಡಿ ಗೀರಿದರು. ಮೊದಲನೆಯದು ಆರಿತು, ಎರಡನೆಯದೂ. ಮೂರನೆಯದರಿಂದ ಎರಡೂ ಬತ್ತಿ ಹತ್ತಿಕೊಂಡವು. ಮೂರು ಸಲ ಜ್ವಾಲೆಯನ್ನು ತಮ್ಮ ಕಡೆ ಬಾಚಿಕೊಂಡು, ಅಂಗೈಯಿಂದ ಕಣ್ಣು ಮುಚ್ಚಿದರು. ಬಾಲ್ಯದಿಂದ ಹೇಳಿದ ಮಂತ್ರ ಬಾಯಿಗೆ ಬರಲಿಲ್ಲ. ಬೆಂಜಮಿನ್, ಬೆಂಜಮಿನ್ ಎಂದರು. ಬೆನ್ನ ಹಿಂದೆ ಎಲ್ಲರೂ ಆಮೇನ್ ಎಂದರು.

ಕೈ ತೆಗೆದು ತಿರುಗಿದಾಗ ಸಬ್ಬತ್‌ನ ಶುಭಾಶಯವನ್ನು ಅವರಿಗೆ ಯಾರೂ ಹೇಳಲಿಲ್ಲ.

ಬಸ್ಸಿನಲ್ಲಿ ವೆರೋನಿಕಾ ಪಕ್ಕದಲ್ಲೇ ಕೂತಳು. ಸಿಪೋರಾಬಾಯಿಯ ಮಡಿಲಲ್ಲಿ ಚೀಲ. ಅದರಲ್ಲಿ ಹುಬ್ಬಳ್ಳಿಯ ಅವಲಕ್ಕಿ, ಒಣಕೊಬ್ಬರಿ; ತಮ್ಮನ ಮುಖ ನೋಡಿದ ದಿನ ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ಸಿಹಿ ಕಲಸಿ ಹಂಚುವ ಹರಕೆ ಇತ್ತು. ಬಸ್ಸು ಸಿಗ್ನಲ್ ದಾಟಿತು. ಬೀದಿದೀಪಗಳು ಒಟ್ಟಿಗೇ ಹತ್ತಿಕೊಂಡವು.

ಅವಲಕ್ಕಿಯ ಒಳಗಿಂದ ಫೋನ್ ರಿಂಗಾಯಿತು.

ಸಿಪೋರಾಬಾಯಿ ಅಲುಗಾಡಲಿಲ್ಲ.

"ಆಂಟಿ, ನಿಮ್ದೇ."

"ಇವತ್ತ ಸಬ್ಬತ್ ಐತವಾ. ಫೋನ್ ಎತ್ತಬಾರದು."

ವೆರೋನಿಕಾ ಬಸ್ಸಿನ ಸುತ್ತ ಕಣ್ಣಾಡಿಸಿದಳು, ಕಿಟಕಿಯಾಚೆ ಓಡುತ್ತಿದ್ದ ರಸ್ತೆಯನ್ನು ನೋಡಿದಳು.

ಫೋನ್ ನಿಂತಿತು. ಮತ್ತೆ ಶುರುವಾಯಿತು. ಸಿಪೋರಾಬಾಯಿ ಚೀಲದ ಬಾಯಿಯನ್ನು ಎರಡೂ ಕೈಯಿಂದ ಹಿಡಿದುಕೊಂಡರು.

"ನಾಳೆ ಕತ್ತಲಾಗೂತನಕ ಎತ್ತಬಾರದು," ಎಂದರು. "ಅಷ್ಟೊತ್ತಿಗೆ ನಾ ಅಲ್ಲಿ ಮುಟ್ಟಿರ್ತೀನಿ. ಅವಗ ನಾನ ಹೇಳ್ತೀನಿ, ಬಂದೆ ಅಂತ."